ಕಾಲೆತ್ತಿ ಕೂತು ಮಾಡಿದ ಸಹಿ

ಹೋದ ತಿಂಗಳು ಬಳ್ಳಾರಿಯ ಗಾಂಧಿನಗರದ ನಮ್ಮ ಮನೆಗೆ ಸುಜಾತಾ ಎಂಬ ಹುಡುಗಿ ಬಂದಿದ್ದಳು. ಹೊಸದಾಗಿ ಆಹಾರ ನಿರೀಕ್ಷಕಿಯಾಗಿ ಕುರುಗೋಡಿಗೆ ಬಂದಿದ್ದಾಳೆ. ಅದೇ ಕೆಲಸ ಮಾಡಿ ನಿವೃತ್ತನಾದವನು ನಾನು. ಯಾರೋ ನನ್ನ ವಿಳಾಸ ಕೊಟ್ಟಿದ್ದರಂತೆ, ಕೆಲಸ ಹೇಗಿರುತ್ತದೆ ಎಂದು ಕೇಳಿಕೊಂಡು ಹೋಗಲು ಬಂದಿದ್ದಳು. ನಮ್ಮ ಮನೆಯವರು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಂದಿಟ್ಟರು. ತಿನ್ನುತ್ತಾ ಹುಡುಗಿ ತನ್ನ ಪರೀಕ್ಷೆಯ ವಿಷಯ ಹೇಳಿದಳು. ಧಾನ್ಯ ಇಷ್ಟು ಬೆಳೆದರೂ, ದೇಶದಲ್ಲಿ ಇಷ್ಟು ಸಂಪತ್ತಿದ್ದರೂ ಹಸಿವು ಯಾಕೆ ಹೋಗಿಲ್ಲ ಎಂಬ ಪ್ರಶ್ನೆ ಬಂದಿತ್ತಂತೆ. ಚೆನ್ನಾಗಿ ಬರೆದಿದ್ದಳಂತೆ.

"ಏನು ಬರೆದೆ ತಾಯಿ?" ಎಂದೆ. ಬೆರಳು ಮಡಚುತ್ತಾ ಹೇಳಿದಳು. ಜನಸಂಖ್ಯೆ, ಅನಕ್ಷರತೆ, ಬರಗಾಲ, ಸಾಗಣೆಯ ತೊಂದರೆ, ಅರಿವಿನ ಕೊರತೆ. ಐದು ಬೆರಳೂ ಮಡಚಿದ ಮೇಲೆ ನನ್ನ ಮುಖ ನೋಡಿದಳು, ಸರಿ ತಾನೇ ಎನ್ನುವ ಹಾಗೆ.

ನನಗೆ ಸಿಟ್ಟು ನೆತ್ತಿಗೇರಿತು. ಹುಡುಗಿಯ ಮೇಲಿನ ಸಿಟ್ಟಲ್ಲ ಅದು. ನಾನೂ ಇದೇ ಐದು ಕಾರಣ ಇಟ್ಟುಕೊಂಡು ಊರೂರಿನ ಕಾಲೇಜುಗಳಲ್ಲಿ ಭಾಷಣ ಹೊಡೆದಿದ್ದೇನೆ, ಶಾಲು ಹೊದಿಸಿಕೊಂಡಿದ್ದೇನೆ. ಆ ಪಟ್ಟಿಯಲ್ಲಿ ಎಲ್ಲವೂ ಇದೆ, ನಾನೊಬ್ಬ ಇಲ್ಲ. ಸಹಿ ಹಾಕಿದ ಕೈ ಇಲ್ಲ. ಅದಕ್ಕೇ ಈ ಬರಹ. ಸುಜಾತಾ ಓದಲಿ, ಅವಳ ಹಾಗೆ ಈ ಕುರ್ಚಿಗೆ ಬರುವವರೆಲ್ಲ ಓದಲಿ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಸಚಿವರು ಬೆನ್ನು ತಟ್ಟಿದರು ಎಂಬುದೆಲ್ಲ ಇದರಲ್ಲಿ ಸಿಗುವುದಿಲ್ಲ. ಅದು ಯಾರಿಗೂ ಬೇಕಾಗಿಲ್ಲ.

ನನ್ನ ಮೊದಲ ಊರು ಸಿರುಗುಪ್ಪ. ಕಾಲುವೆ ನೀರು, ಎಲ್ಲಿ ನೋಡಿದರೂ ಭತ್ತದ ಗದ್ದೆ, ರಸ್ತೆಯುದ್ದಕ್ಕೂ ಅಕ್ಕಿ ಗಿರಣಿ. ಬಸ್ ಇಳಿಯುತ್ತಲೇ ಕುದಿಸಿದ ಭತ್ತದ ವಾಸನೆ ಮೂಗಿಗೆ ಬಡಿಯುತ್ತದೆ. ಹಸಿವಿನ ಬಗ್ಗೆ ಮಾತಾಡಲು ಇದಕ್ಕಿಂತ ನಾಚಿಕೆಗೇಡಿನ ಊರು ಸಿಗಲಿಕ್ಕಿಲ್ಲ. ತಾಲೂಕು ಕಚೇರಿಯಲ್ಲಿ ಜಾಗವಿಲ್ಲದೆ ನನ್ನ ಮೇಜನ್ನು ಪಡಿತರ ಅಕ್ಕಿಯ ಗೋದಾಮಿನ ಮುಂಗೋಣೆಯಲ್ಲಿ ಹಾಕಿದ್ದರು. ಬೆನ್ನ ಹಿಂದೆ ಚಾವಣಿ ಮುಟ್ಟುವಷ್ಟು ಅಕ್ಕಿ ಚೀಲ, ಮುಂದೆ ಲಾರಿ ನಿಲ್ಲುವ ಅಂಗಳ. ಬೇರೆ ಬೇರೆ ಊರು ಸುತ್ತಿ ಕೊನೆಗೆ ಮತ್ತೆ ಅದೇ ಕೋಣೆಗೆ ಬಂದು, ಅಲ್ಲಿಂದಲೇ ನಿವೃತ್ತನಾದೆ.

ನನಗೆ ಕೆಲಸ ಕಲಿಸಿದವರು ವೀರಭದ್ರಪ್ಪ ಎಂಬ ಹಿರಿಯ ಶಿರಸ್ತೇದಾರರು. ಚೀಲಕ್ಕೆ ಕೊಳವೆ ಚುಚ್ಚಿ ನಾಲ್ಕು ಕಾಳು ತೆಗೆದು ಹಲ್ಲಿನ ಮಧ್ಯೆ ಇಡುತ್ತಿದ್ದರು. ಕಟ್ಟೆಂದು ಮುರಿದರೆ ಒಣಗಿದ ಅಕ್ಕಿ, ಮೆತ್ತಗೆ ಅಮುಕಿದರೆ ಹಸಿ. ಆಗ ತೇವ ಅಳೆಯುವ ಯಂತ್ರ ಇನ್ನೂ ಬಂದಿರಲಿಲ್ಲ. ನಾನೂ ಕಚ್ಚಿ ಕಚ್ಚಿ ಕಲಿತೆ. ಮೂರು ತಿಂಗಳಲ್ಲಿ ಕಣ್ಣು ಮುಚ್ಚಿಕೊಂಡು ಹೊಸ ಅಕ್ಕಿ, ಹಳೆ ಅಕ್ಕಿ ಹೇಳುತ್ತಿದ್ದೆ. ಮುದುಕರು ಖುಷಿಯಾಗಿ ಹೇಳಿದ್ದರು:

"ಲೇ ತಮ್ಮಾ, ಮನುಷ್ಯಾರು ಸುಳ್ಳು ಹೇಳ್ತಾರ, ಅಕ್ಕಿ ಹೇಳಂಗಿಲ್ಲ. ಅಕ್ಕಿ ನೋಡಾಕ ಕಲಿ, ಸಾಕು."

ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ನಾನು ಅದನ್ನು ಚಾಚೂ ತಪ್ಪದೆ ಪಾಲಿಸಿದೆ. ಇಡೀ ನೌಕರಿಯಲ್ಲಿ ಅಕ್ಕಿಯನ್ನೇ ನೋಡಿದೆ.

ಆ ಗೋದಾಮಿನಲ್ಲಿ ಒಂದು ಪದ್ಧತಿ ಇತ್ತು. ಹಮಾಲರು ಕೊಕ್ಕೆ ಹಾಕಿ ಚೀಲ ಎಳೆದಾಗ ಅಕ್ಕಿ ಉದುರುತ್ತದೆ. ಲಾರಿಯ ಹಲಗೆಯಲ್ಲಿ, ಅಂಗಳದಲ್ಲಿ, ಬಾಗಿಲ ಸಂದಿಯಲ್ಲಿ. ಅದನ್ನು ಗುಡಿಸಲು ಮೂವರು ಹೆಂಗಸರು ಬರುತ್ತಿದ್ದರು. ಅವರಿಗೆ ಕೂಲಿ ಇಲ್ಲ. ಕಸದ ಜೊತೆ ಸಿಕ್ಕ ಅಕ್ಕಿಯೇ ಅವರದು. ಮಧ್ಯಾಹ್ನ ಬೇವಿನ ಮರದ ಕೆಳಗೆ ಕೂತು ಮೊರದಲ್ಲಿ ಕೇರಿ, ಕಲ್ಲು ಆರಿಸಿ, ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು. ಅದಕ್ಕೆ ಉದುರಕ್ಕಿ ಎನ್ನುತ್ತಿದ್ದರು. ಊರಿಗೆಲ್ಲ ಅನ್ನ ಹೋಗುವ ಜಾಗದಲ್ಲಿ ಮೂರು ಹೆಂಗಸರಿಗೆ ಕಾಲಿಗೆ ಸಿಕ್ಕ ಅಕ್ಕಿ ಸಂಬಳ. ನನಗೆ ಒಂದು ದಿನವೂ ಇದು ತಪ್ಪು ಅನ್ನಿಸಲಿಲ್ಲ, ಬೇಕಾದರೆ ಉಗಿಯಿರಿ.

ಆ ಮೂವರಲ್ಲಿ ಒಬ್ಬಳು ಹುಲಿಗೆಮ್ಮ. ಎತ್ತರದ ಹೆಂಗಸು, ಮಾತು ಕಡಿಮೆ, ಗಂಡ ಇಲ್ಲ. ಅವಳ ಅತ್ತೆಯೂ ಅಲ್ಲೇ ಗುಡಿಸಿದವಳು. ದಿನಾ ಬೆಳಿಗ್ಗೆ ಹುಲಿಗೆಮ್ಮ ನನ್ನ ಕೋಣೆಯನ್ನೂ ಗುಡಿಸುತ್ತಿದ್ದಳು. ಪೊರಕೆ ಮೇಜಿನ ಕೆಳಗೆ ಬಂದಾಗ ನಾನು ಎರಡೂ ಕಾಲು ಎತ್ತುತ್ತಿದ್ದೆ. ಅವಳು ಗುಡಿಸಿ ಹೋದ ಮೇಲೆ ಇಳಿಸುತ್ತಿದ್ದೆ. ಫೈಲಿನಿಂದ ತಲೆ ಎತ್ತುವ ಅಗತ್ಯವೇ ಬೀಳುತ್ತಿರಲಿಲ್ಲ.

ನನ್ನ ಮೊದಲ ದೊಡ್ಡ ಪೆಟ್ಟು ಕೆಂಚನಗುಡ್ಡದ್ದು. ಹೊಳೆ ದಂಡೆಯ ಊರು. ಅಲ್ಲಿಯ ಪಡಿತರ ಅಂಗಡಿಯವನು ತಕ್ಕಡಿಯಲ್ಲಿ ಕೈಚಳಕ ಮಾಡುತ್ತಾನೆ ಎಂದು ದೂರು ಬಂತು. ನಾನು ಹೇಳದೆ ಕೇಳದೆ ಹೋದೆ. ಹೊರಗೆ ಜನರ ಬದಲು ಚೀಲ, ಚಪ್ಪಲಿ, ಕಲ್ಲು ಸರದಿಯಲ್ಲಿ ನಿಂತಿದ್ದವು, ಜನ ನೆರಳಿನಲ್ಲಿದ್ದರು. ತಕ್ಕಡಿ ಹಿಡಿದು ನೋಡಿದೆ, ಕಳ್ಳ ಸಿಕ್ಕಿಬಿದ್ದ. ಅಂಗಡಿಗೆ ಬೀಗ ಜಡಿದು ಮೊಹರು ಹಾಕಿ, ಆ ಊರಿನ ಕಾರ್ಡುಗಳನ್ನು ಪಕ್ಕದ ಊರಿನ ಅಂಗಡಿಗೆ ಹಚ್ಚಿದೆ. ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಎದೆ ಉಬ್ಬಿಸಿಕೊಂಡು ತಿರುಗಿದೆ.

ಆರು ತಿಂಗಳ ಮೇಲೆ ಮತ್ತೆ ಆ ಕಡೆ ಹೋದಾಗ ಈರಣ್ಣ ಎಂಬ ಮುದುಕ ನನ್ನ ಬೈಕಿಗೆ ಅಡ್ಡ ನಿಂತ.

"ಸಾಹೇಬ್ರ, ಅವ ಕಿಲೋಕ್ಕ ಒಂದು ಹಿಡಿ ಕದೀತಿದ್ದ. ನೀವು ಎಲ್ಲಾ ಕಸಗೊಂಡ್ರಿ."

"ನಾನೆಲ್ಲಿ ಕಸಗೊಂಡೆ ಅಜ್ಜಾ? ಪಕ್ಕದ ಊರಾಗ ಕೊಡ್ತಾರಲ್ಲ."

"ಕೊಡ್ತಾರ. ನಾವು ಹೋದ ದಿನಾ ನಾಳಿ ಬರ್ರಿ ಅಂತಾರ. ಒಂದು ದಿನದ ಕೂಲಿ ಬಿಟ್ಟು ಎಷ್ಟು ಸಲ ನಡೀಬೇಕ್ರಿ? ಬರಿ ಎಳೆದದ್ದು ಅವಗ, ಬೊಬ್ಬಿ ಬಂದದ್ದು ನಮಗ."

ಅಂಗಡಿಯವನು ಆರಾಮಾಗಿದ್ದ. ಮಗನ ಹೆಸರಿನಲ್ಲಿ ಗೊಬ್ಬರದ ಅಂಗಡಿ ಹಾಕಿಕೊಂಡಿದ್ದ. ನಾನು ಶಿಕ್ಷೆ ಕೊಟ್ಟದ್ದು ಕಳ್ಳನಿಗೆ, ಅನುಭವಿಸಿದ್ದು ಊರು. ಬೀಗ ಹಾಕುವ ಮೊದಲು ಆ ಊರಿನ ಅಕ್ಕಿ ನಾಳೆ ಎಲ್ಲಿಂದ ಬರುತ್ತದೆ ಎಂದು ಗಟ್ಟಿ ಮಾಡಿಕೊಳ್ಳಬೇಕಿತ್ತು. ಆಮೇಲೆ ಬೇರೆ ಊರುಗಳಲ್ಲಿ ಹಾಗೆಯೇ ಮಾಡಿದೆ. ಆದರೆ ಈರಣ್ಣನ ಊರಿಗೆ ಆ ಬುದ್ಧಿ ತಡವಾಗಿ ಬಂತು.

ಮುಂದೆ ಹೆಬ್ಬೆಟ್ಟಿನ ಯಂತ್ರ ಬಂತು. ಕಾರ್ಡಿನವರು ಬೆರಳು ಒತ್ತಬೇಕು, ಹಸಿರು ಬಂದರೆ ಅಕ್ಕಿ, ಕೆಂಪು ಬಂದರೆ ಇಲ್ಲ. ಕಳ್ಳತನ ನಿಲ್ಲುತ್ತದೆ ಎಂದರು, ಸ್ವಲ್ಪ ನಿಂತದ್ದೂ ಹೌದು, ಸುಳ್ಳು ಯಾಕೆ ಹೇಳಲಿ. ಆದರೆ ಭತ್ತ ನಾಟಿ ಮಾಡುವ ಕೈ, ಇಟ್ಟಿಗೆ ಹೊರುವ ಕೈ, ಪಾತ್ರೆ ತಿಕ್ಕುವ ಕೈ ಹೇಗಿರುತ್ತದೆ? ಗೆರೆ ಸವೆದಿರುತ್ತದೆ. ಯಾರು ಮೈಮುರಿದು ದುಡಿಯುತ್ತಾರೋ ಅವರ ಬೆರಳನ್ನೇ ಯಂತ್ರ ಗುರುತಿಸುತ್ತಿರಲಿಲ್ಲ. ನನ್ನ ಬೆರಳು ಇಟ್ಟರೆ ಥಟ್ಟನೆ ಹಸಿರು. ಮೊಬೈಲಿಗೆ ನಂಬರು ಬರುವ ಇನ್ನೊಂದು ದಾರಿ ಇತ್ತು, ಮೊಬೈಲು ಇದ್ದವರಿಗೆ.

ಕೊನೆಯ ವರ್ಷಗಳಲ್ಲಿ ನಮಗೊಬ್ಬ ಮೇಲಧಿಕಾರಿ ಬಂದರು. ಚಿಕ್ಕ ವಯಸ್ಸು, ಚುರುಕು, ಬಳ್ಳಾರಿಯ ಸಭೆಯಲ್ಲಿ ಗೋಡೆಗೆ ಬೆಳಕು ಬಿಟ್ಟು ತಾಲೂಕುಗಳ ಪಟ್ಟಿ ತೋರಿಸುತ್ತಿದ್ದರು. ಅನರ್ಹ ಕಾರ್ಡು ಹೆಚ್ಚು ತೆಗೆದ ತಾಲೂಕು ಮೇಲೆ, ಕಡಿಮೆ ತೆಗೆದದ್ದು ಕೆಳಗೆ. ಸಿರುಗುಪ್ಪ ಕೆಳಗಿತ್ತು.

"ಏನ್ರೀ, ನಿಮ್ಮ ತಾಲೂಕಿನಲ್ಲಿ ಯಾರೂ ಸಾಯೋದಿಲ್ವಾ, ಯಾರೂ ಊರು ಬಿಡೋದಿಲ್ವಾ?" ಎಂದು ಎಲ್ಲರೆದುರು ಕೇಳಿದರು. ಎಲ್ಲರೂ ನಕ್ಕರು. ನನಗೆ ನಿವೃತ್ತಿಗೆ ಎರಡು ವರ್ಷವಿತ್ತು, ಆ ನಗು ಮೈಯೆಲ್ಲ ಉರಿಸಿತು.

ಸತತವಾಗಿ ಕೆಲವು ತಿಂಗಳು ಬೆರಳು ಒತ್ತದವರ ಪಟ್ಟಿ ಯಂತ್ರವೇ ಕೊಡುತ್ತಿತ್ತು. ಪ್ರತಿ ಮನೆಗೆ ಹೋಗಿ ನೋಡಿ ವರದಿ ಬರೆಯಬೇಕು ಎಂಬುದು ನಿಯಮ. ನಾನು ಮೊದಲ ದಿನ ಹದಿನೈದು ಮನೆಗೆ ಹೋದೆ. ಹಗಲು ಹೊತ್ತು, ಹತ್ತು ಮನೆಗೆ ಬೀಗ. ದುಡಿಯುವವರ ಮನೆಗೆ ಹಗಲು ಬೀಗವಲ್ಲದೆ ತೋರಣ ಇರುತ್ತದೆಯೇ? ಅಷ್ಟೂ ತಲೆ ಓಡಲಿಲ್ಲ ನನಗೆ. ಎರಡನೆಯ ದಿನದಿಂದ ಅಂಗಡಿಯವನನ್ನೇ ಕರೆಸಿ, "ಇವರು ಬರ್ತಾರಾ?" ಎಂದು ಕೇಳಿ ಬರೆಯತೊಡಗಿದೆ. ಬೆರಳು ಹತ್ತದೆ ವಾಪಸ್ ಹೋದವರನ್ನೂ ಅವನು "ಬಂದಿಲ್ರಿ" ಎನ್ನುತ್ತಿದ್ದ. ಅವನಿಗೂ ತಲೆನೋವು ಕಡಿಮೆ, ನನಗೂ ಕಡಿಮೆ.

ಒಂದು ಬೆಳಿಗ್ಗೆ ಕೂತು ಇಡೀ ಪಟ್ಟಿಗೆ ಸಹಿ ಮಾಡಿದೆ. ಮನೆಗೆ ಬೀಗವಿದೆ, ಊರು ಬಿಟ್ಟಿದ್ದಾರೆ, ಸಹಿ. ಮನೆಗೆ ಬೀಗವಿದೆ, ಊರು ಬಿಟ್ಟಿದ್ದಾರೆ, ಸಹಿ. ಅಲ್ಲೊಂದು ಇಲ್ಲೊಂದು ಸತ್ತಿದ್ದಾರೆ, ಸಹಿ. ಮೇಜಿನ ಕೆಳಗೆ ಪೊರಕೆ ಬಂತು, ಕಾಲೆತ್ತಿದೆ, ಪೊರಕೆ ಹೋಯಿತು, ಇಳಿಸಿದೆ. ಮುಂದಿನ ಸಭೆಯಲ್ಲಿ ಸಿರುಗುಪ್ಪ ಮೇಲಕ್ಕೆ ಬಂದಿತ್ತು. ಸಾಹೇಬರು ನನ್ನ ಕೈ ಕುಲುಕಿದರು.

ದಸರಾ ಮುಗಿದ ಮೇಲೆ ಅದೇ ಸಾಹೇಬರ ಇನ್ನೊಂದು ಆದೇಶ ಬಂತು. ಗೋದಾಮಿನಲ್ಲಿ ಒಂದು ಕಾಳೂ ಪೋಲಾಗಬಾರದು, ಉದುರಿದ ಅಕ್ಕಿಯನ್ನು ಚೀಲಕ್ಕೆ ತುಂಬಿ ಬೇರೆ ಇಡಬೇಕು, ಹೊರಗಿನವರನ್ನು ಒಳಗೆ ಬಿಡಬಾರದು, ಕ್ಯಾಮೆರಾ ಹಾಕಬೇಕು. ಓದಲು ಎಷ್ಟು ಚಂದದ ಆದೇಶ ನೋಡಿ. ಗುಡಿಸಲು ಗುತ್ತಿಗೆಯ ಇಬ್ಬರು ಬಂದರು. ಕಸ, ಕಲ್ಲು, ಇಲಿಯ ಹಿಕ್ಕೆ ಎಲ್ಲ ಸೇರಿದ ಅಕ್ಕಿಯನ್ನು ಹಾಗೇ ಚೀಲಕ್ಕೆ ತುಂಬಿ ಹಿಂದಿನ ತಗಡಿನ ಶೆಡ್ಡಿನಲ್ಲಿ ಒಟ್ಟಿದರು. ಕೇರಿ ಹಸನು ಮಾಡುವ ಕೈಗಳನ್ನು ಗೇಟಿನ ಹೊರಗೆ ನಿಲ್ಲಿಸಿದೆವು.

ಎರಡು ವಾರ ಆ ಮೂವರು ಗೇಟಿನ ಹತ್ತಿರ ಬಂದು ನಿಂತು ಹೋದರು. ಆಮೇಲೆ ಇಬ್ಬರು ಬರುವುದು ಬಿಟ್ಟರು. ಹುಲಿಗೆಮ್ಮ ಒಬ್ಬಳೇ ಒಂದು ದಿನ ನನ್ನ ಕೋಣೆಯ ಹೊಸ್ತಿಲ ಮೇಲೆ ನಿಂತಳು.

"ಸಾಹೇಬ್ರ, ಉದುರಿದ್ದು ನಮ್ದಲ್ರಿ? ನಮ್ಮತ್ತಿ ಕಾಲದಿಂದ ಹಂಗ ಐತಿ."

"ಆರ್ಡರ್ ಬಂದೈತವ್ವಾ. ನನ್ನ ಕೈಯಾಗ ಏನಿಲ್ಲ."

"ಆತು ಬಿಡ್ರಿ. ಇದನ್ನರ ಸರಿ ಮಾಡಿ ಕೊಡ್ರಿ ಮತ್ತ." ಸೊಂಟದಿಂದ ಪ್ಲಾಸ್ಟಿಕ್ ಚೀಲ ತೆಗೆದು, ಅದರೊಳಗಿನಿಂದ ಮಡಿಕೆ ಮಡಿಕೆಯಾದ ಪಡಿತರ ಕಾರ್ಡು ತೆಗೆದಳು. ಜೊತೆಗೆ ಅಂಗಡಿಯವನು ಕೊಟ್ಟ ರದ್ದತಿಯ ಚೀಟಿ. "ಮಿಷಿನ್ಯಾಗ ನನ್ನ ಬಟ್ಟು ಹತ್ತವಲ್ದಾಗಿತ್ತು. ಉದುರಕ್ಕಿ ಇತ್ತಲ್ಲ, ಹೆಂಗೋ ನಡೀತಿತ್ತು. ಈಗ ಅದೂ ಇಲ್ಲ. ಕಾರ್ಡ ಹೋಗೇತಿ ಅಂತಾನವ. ಮಗಳು ಹಡಿಯಾಕ ಬಂದಾಳ್ರಿ ಮನಿಗೆ, ದಿನಾ ತುಂಬಾಕ ಬಂದಾವ. ಬಾಣಂತಿಗೆ ಎರಡು ಹೊತ್ತು ಅನ್ನರ ಬೇಕಲ್ರಿ."

ಚೀಟಿ ನೋಡಿದೆ. ಹುಲಿಗೆಮ್ಮ. ಮನೆಗೆ ಬೀಗವಿದೆ, ಊರು ಬಿಟ್ಟಿದ್ದಾರೆ. ಕೆಳಗೆ ನನ್ನ ಸಹಿ. ತಾರೀಖು, ನಾನು ಪಟ್ಟಿ ಮುಂದಿಟ್ಟುಕೊಂಡು ಕೂತಿದ್ದ ಆ ಬೆಳಿಗ್ಗೆಯದೇ.

ಇಷ್ಟು ವರ್ಷ ದಿನಾ ಬೆಳಿಗ್ಗೆ ಕಂಡವಳು. ಅವಳ ಮನೆ ಎಲ್ಲಿ ಎಂದು ನನಗೆ ಗೊತ್ತಿರಲಿಲ್ಲ. ಅವಳ ಹೆಸರು ಪಟ್ಟಿಯಲ್ಲಿ ಬಂದಾಗ ಅದು ಇವಳೇ ಎಂದು ಹೊಳೆಯಲೇ ಇಲ್ಲ. ಇವಳ ಮನೆಗೆ ಹಗಲು ಬೀಗ ಯಾಕಿತ್ತು? ಇವಳು ಇಲ್ಲಿದ್ದಳು, ನನ್ನ ಕೋಣೆಯಲ್ಲಿ.

"ಏನು ಬರದಾರ್ರಿ ಅದರಾಗ?" ಎಂದಳು. ಅವಳಿಗೆ ಓದು ಬರುವುದಿಲ್ಲ.

"ಮಿಷಿನ್ ತಪ್ಪವ್ವಾ" ಎಂದೆ. ಅಷ್ಟು ಸಲೀಸಾಗಿ ಬಂತು ಸುಳ್ಳು.

ಮರುದಿನ ಬಳ್ಳಾರಿಗೆ ಹೋಗಿ ಸಾಹೇಬರ ಮುಂದೆ ನಿಂತೆ. ಒಂದು ಕಾರ್ಡು ತಪ್ಪಿ ರದ್ದಾಗಿದೆ ಎಂದೆ. ಅವರು ಕಂಪ್ಯೂಟರ್ ನೋಡಿ, "ನೀವೇ ಊರು ಬಿಟ್ಟಿದ್ದಾರೆ ಅಂತ ಬರೆದಿದ್ದೀರಲ್ಲ. ಈಗ ಹೊಸ ಕಾರ್ಡು ಕೊಡುವುದು ನಿಂತಿದೆ. ಹಳೆಯದು ತೆರೆಯಬೇಕಾದರೆ ನಿಮ್ಮ ವರದಿ ಸುಳ್ಳು ಅಂತ ನೀವೇ ಬರೆದುಕೊಡಬೇಕು. ನಿವೃತ್ತಿ ಹತ್ತಿರ ಇದೆ, ಯಾಕೆ ಬೇಕು ನಿಮಗೆ?" ಎಂದರು. ದನಿಯಲ್ಲಿ ಕಾಳಜಿ ಇತ್ತು. ಕಾಫಿ ತರಿಸಿದರು. ಆ ಕಾಫಿ ಕುಡಿದು ಎದ್ದು ಬಂದೆ, ಬರೆದುಕೊಡಲಿಲ್ಲ.

ಬ್ರೂಸ್‌ಪೇಟೆಯ ಓಣಿಗಳಲ್ಲಿ ಹಾದು ಬಸ್ ನಿಲ್ದಾಣಕ್ಕೆ ನಡೆದೆ. ಸಗಟು ಅಂಗಡಿಯೊಂದರ ಮುಂದೆ ಯಜಮಾನರು ಹಿಡಿ ಹಿಡಿ ಅಕ್ಕಿ ತೆಗೆದು ಪಾರಿವಾಳಗಳಿಗೆ ಎರಚುತ್ತಿದ್ದರು. ಪುಣ್ಯದ ಕೆಲಸ. ನೂರಾರು ಪಾರಿವಾಳ, ರಸ್ತೆ ತುಂಬ ಅಕ್ಕಿ. ಅವುಗಳಿಗೆ ಯಾರೂ ಬೆರಳು ಒತ್ತು ಎನ್ನಲಿಲ್ಲ, ಯಾವ ಊರಿನವು ಎಂದು ಕೇಳಲಿಲ್ಲ. ನನಗೆ ಅಲ್ಲೇ ಕೂಗಾಡಬೇಕು ಅನ್ನಿಸಿತು. ಯಾರ ಮೇಲೆ? ಆ ಮನುಷ್ಯನದೇನು ತಪ್ಪು? ಬಾಯಿ ಮುಚ್ಚಿಕೊಂಡು ಬಸ್ ಹತ್ತಿದೆ.

ಮನಸ್ಸು ಸಮಾಧಾನ ಮಾಡಿಕೊಳ್ಳಲು ಎಲ್ಲ ಹೇಡಿಗಳೂ ಮಾಡುವುದನ್ನೇ ನಾನೂ ಮಾಡಿದೆ. ಮನೆಯಿಂದ ಒಂದು ಸಣ್ಣ ಚೀಲ ಅಕ್ಕಿ ಕಟ್ಟಿಸಿಕೊಂಡು ಹೋಗಿ ಗೇಟಿನ ಹತ್ತಿರ ಹುಲಿಗೆಮ್ಮನಿಗೆ ಕೊಟ್ಟೆ. ಅವಳು ಬಾಯಿ ಬಿಚ್ಚಿ ಒಂದು ಹಿಡಿ ತೆಗೆದು ನೋಡಿದಳು. ಒಳ್ಳೆಯ ಸೋನಾ ಅಕ್ಕಿ.

"ಇದು ನಿಮ್ಮ ಮನಿದ್ರಿ" ಎಂದಳು. "ನಂದೆಲ್ಲೈತಿ?"

"ತಗೋ ಹುಲಿಗೆಮ್ಮಾ, ಸದ್ಯಕ್ಕ ನಡೀತದ."

"ತಗೊಂತೀನ್ರಿ, ಹೊಟ್ಟಿ ಕೇಳಬೇಕಲ್ಲ. ಆದ್ರ ಇದು ತೀರತೈತಿ. ನಂದು ಕೊಡಸ್ರಿ."

ತೀರಿತು. ಇನ್ನೊಮ್ಮೆ ಕೊಟ್ಟೆ, ಅದೂ ತೀರಿತು. ಮೂರನೆಯ ಸಲ ಕೊಡಲು ನನಗೇ ನಾಚಿಕೆಯಾಯಿತು. ಅಷ್ಟರಲ್ಲಿ ಅವಳ ಮಗಳು ಲಕ್ಷ್ಮಿಗೆ ಹೆರಿಗೆಯಾಗಿತ್ತು, ಹೆಣ್ಣು ಕೂಸು.

ಇತ್ತ ಶೆಡ್ಡಿನ ಅಕ್ಕಿಗೆ ಹುಳು ಬಿದ್ದಿತು. ತಗಡಿನ ಕಾವಿಗೆ ಮುಗ್ಗಲು ಹಿಡಿದು ಗಂಟು ಗಂಟಾಯಿತು. ತಿನ್ನಲು ಯೋಗ್ಯವಲ್ಲ, ಗುಂಡಿ ತೋಡಿ ಹೂಳಿ, ಯಾರೂ ತೆಗೆದು ತಿನ್ನದ ಹಾಗೆ ಫಿನಾಯಿಲ್ ಸುರಿಯಿರಿ ಎಂದು ಆದೇಶವಾಯಿತು. ಜವಾಬ್ದಾರಿ ಅಧಿಕಾರಿ ನಾನು, ಎದುರು ನಿಂತು ಮಾಡಿಸಬೇಕು. ಚೀಲ ಹೊರಲು ಗುತ್ತಿಗೆದಾರ ಅಡ್ಡೆಯಿಂದ ಕೂಲಿ ಹೆಂಗಸರನ್ನು ಕರೆತಂದ. ಅವರಲ್ಲಿ ಹುಲಿಗೆಮ್ಮ ಇದ್ದಳು.

ತನ್ನದೇ ಉದುರಕ್ಕಿಯನ್ನು ತಲೆಯ ಮೇಲೆ ಹೊತ್ತು ತಂದು ಗುಂಡಿಗೆ ಸುರಿದಳು. ಒಂದಲ್ಲ, ಎರಡಲ್ಲ, ಇಡೀ ಬೆಳಿಗ್ಗೆ. ಒಮ್ಮೆ ಗುಂಡಿಯ ಅಂಚಿನಲ್ಲಿ ಕೂತು ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜಿ ಊದಿದಳು.

"ಇದರಾಗ ಇನ್ನೂ ಅರ್ಧ ಬರ್ತೈತ್ರಿ. ಎರಡು ತಿಂಗಳ ಹಿಂದ ಆಗಿದ್ರ ಎಲ್ಲಾ ಬರ್ತಿತ್ತು" ಎಂದಳು. ಆಮೇಲೆ ನನ್ನ ಕೈಯಲ್ಲಿದ್ದ ಫಿನಾಯಿಲ್ ಡಬ್ಬಿ ನೋಡಿ, ದನಿ ಏರಿಸದೆ ಹೇಳಿದಳು: "ಹಾಕ್ರಿ ಸಾಹೇಬ್ರ, ಹಾಕ್ರಿ. ಇಲ್ಲಂದ್ರ ನಾವೆಲ್ಲ್ಯರ ತಿಂದ್ಗಿಂದೇವು."

ಹಾಕಿದೆ. ಬೆಳ್ಳಗಿನ ಅಕ್ಕಿಯ ಮೇಲೆ ಕಪ್ಪಗೆ ಸುರಿದೆ. ಮೂವತ್ತು ಚಿಲ್ಲರೆ ವರ್ಷ ಅಕ್ಕಿ ಕಚ್ಚಿ ನೋಡಿದ ಹಲ್ಲನ್ನು ಕಚ್ಚಿಕೊಂಡು ನಿಂತೆ. ಹಸಿವು ಯಾಕೆ ಹೋಗಿಲ್ಲ ಎಂದು ಕೇಳುವವರು ಆ ದಿನ ಆ ಗುಂಡಿಯ ಹತ್ತಿರ ಬರಬೇಕಿತ್ತು. ಅಕ್ಕಿ ಇತ್ತು, ಹಸಿದವಳು ಇದ್ದಳು, ನಡುವೆ ಫಿನಾಯಿಲ್ ಡಬ್ಬಿ ಹಿಡಿದು ಸರ್ಕಾರಿ ಸಂಬಳದ ನಾನಿದ್ದೆ. ಅಷ್ಟಾದರೂ ನಾನು ಆ ಕಾಗದ ಬರೆಯಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ.

ಬರೆಸಿದ್ದು ಕುರುಗೋಡು. ಸಂಕ್ರಾಂತಿ ಕಳೆದ ಮೇಲೆ ಹೆಚ್ಚುವರಿ ಹೊಣೆಯ ಮೇಲೆ ಅಲ್ಲಿಯ ಅಂಗಡಿ ತಪಾಸಣೆಗೆ ಹೋಗಿದ್ದೆ. ದಾರಿಯ ಬದಿಯ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುತ್ತಿದ್ದರು. ನೀರು ಕೇಳಲು ಬೈಕ್ ನಿಲ್ಲಿಸಿದೆ. ಜಾಲಿ ಮರಕ್ಕೆ ಸೀರೆಯ ಜೋಳಿಗೆ ಕಟ್ಟಿತ್ತು, ಒಳಗೆ ಕೂಸು ಕಿರಿಚುತ್ತಿತ್ತು. ಎಳೆ ಬಾಣಂತಿಯೊಬ್ಬಳು ಸಾಲಿನಿಂದ ಎದ್ದು ಬಂದು ಮರದ ಕೆಳಗೆ ಕೂತಳು. ಮುಖದಲ್ಲಿ ರಕ್ತವಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಜೊತೆಯ ಕೂಲಿಯ ಮುದುಕಿಯೊಬ್ಬಳು ಕೂಸನ್ನು ಎತ್ತಿ ಅವಳ ಎದೆಗೆ ಹಿಡಿದಳು.

"ಯಾಕವ್ವಾ, ನೀನ ಎತ್ತಿಕೊಳ್ಳಬಾರದೇನು?" ಎಂದೆ.

"ಕೈಯಾಗ ಖಾರ ಐತ್ರಿ. ಎಷ್ಟು ತೊಳೆದ್ರೂ ಹೋಗವಲ್ದು. ಮುಟ್ಟಿದ್ರ ಕೂಸಿನ ಮೈ ಉರೀತೈತಿ" ಎಂದಳು. ಕೂಸು ಚೀಪಿ ಚೀಪಿ, ಹಾಲು ಬರದೆ, ಮತ್ತೆ ಅತ್ತಿತು.

"ಎಷ್ಟು ದಿನದ ಬಾಣಂತಿ?"

"ಇಪ್ಪತ್ತು ಆತ್ರಿ. ಮೂಲಿಯಾಗ ಕುಂತ್ರ ಯಾರು ಹಾಕ್ತಾರ್ರಿ? ನಮ್ಮವ್ವ ಮದ್ಲ ಸಿರುಗುಪ್ಪಿ ಗೋದಾಮಿನ್ಯಾಗ ಕಸಾ ಹೊಡೀತಿದ್ಲು. ಈಗ ಅದು ನಿಂತೈತಿ. ಕಾರ್ಡೂ ಹೋಗೇತಿ. ದಿನಾ ಆಟೋದಾಗ ಬರ್ತೀವಿ ಇಲ್ಲಿಗೆ."

ಹುಲಿಗೆಮ್ಮನ ಮಗಳು ಲಕ್ಷ್ಮಿ. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ತಂಬಿಗೆಯಲ್ಲಿ ನೀರು ಕೊಡಿಸಿದಳು. ಕುಡಿಯದೆ ತಂಬಿಗೆ ವಾಪಸ್ ಕೊಟ್ಟೆ. ಹೆತ್ತ ಕೂಸನ್ನು ಮುಟ್ಟಲಾಗದ ತಾಯಿಯನ್ನು ಮಾಡಿದ್ದು ಬರಗಾಲವಲ್ಲ, ಜನಸಂಖ್ಯೆಯಲ್ಲ. ನನ್ನ ಒಂದು ಸಾಲು.

ಅಂಗಡಿ ತಪಾಸಣೆ ಬಿಟ್ಟು ಸೀದಾ ಸಿರುಗುಪ್ಪಕ್ಕೆ ಬಂದೆ. ಮೇಜಿನ ಮುಂದೆ ಕೂತು ಕೈಬರಹದಲ್ಲೇ ಬರೆದೆ: "ಸದರಿ ಹುಲಿಗೆಮ್ಮ ಇವರು ಊರು ಬಿಟ್ಟಿರುವುದಿಲ್ಲ. ನಾನು ಸ್ಥಳ ಪರಿಶೀಲನೆ ಮಾಡಿರುವುದಿಲ್ಲ. ನಾನು ಸಹಿ ಮಾಡುವ ವೇಳೆ ಸದರಿಯವರು ನನ್ನ ಮೇಜಿನ ಕೆಳಗೆ ಕಸ ಗುಡಿಸುತ್ತಿದ್ದರು."

ಸಾಹೇಬರು ಓದಿ ಮುಖ ಸಿಂಡರಿಸಿದರು. "ಕೊನೆಯ ವಾಕ್ಯ ತೆಗೆಯಿರಿ, ಕಚೇರಿ ಭಾಷೆಯಲ್ಲ ಇದು" ಎಂದರು. ಉಳಿದದ್ದನ್ನೆಲ್ಲ ಬೇಕಾದರೆ ತೆಗೆಯಿರಿ ಸರ್, ಅದು ಇರಲಿ ಎಂದೆ. ಆ ಮನುಷ್ಯ ಕೆಟ್ಟವರಲ್ಲ, ಅದೇ ನನಗೆ ಇನ್ನೂ ಸಿಟ್ಟು ತರಿಸುತ್ತದೆ. ನಾವು ಯಾರೂ ಕೆಟ್ಟವರಿರಲಿಲ್ಲ. ಎಲ್ಲರೂ ನಮ್ಮ ನಮ್ಮ ಕೆಲಸ ಸರಿಯಾಗಿ ಮಾಡುತ್ತಿದ್ದೆವು.

ನನಗೆ ನೋಟಿಸು ಬಂತು, ವಿಚಾರಣೆಯೂ ಆಯಿತು. ಅದನ್ನು ಹೇಳಿಕೊಂಡು ಹುತಾತ್ಮನಾಗುವ ಆಸೆ ನನಗಿಲ್ಲ. ಇಡೀ ಪಟ್ಟಿಯನ್ನು ಮತ್ತೆ ನೋಡಿ ಬಾ ಎಂದರು. ಈ ಸಲ ಬೆಳಿಗ್ಗೆ ಒಲೆ ಹೊತ್ತುವ ಹೊತ್ತಿಗೆ ಹೋದೆ, ದುಡಿಯುವವರು ಮನೆಯಲ್ಲಿರುವ ಹೊತ್ತು ಅದೊಂದೇ. ಬೀಗವಿದ್ದ ಬಾಗಿಲುಗಳೆಲ್ಲ ತೆರೆದಿದ್ದವು. ಸತ್ತಿದ್ದಾರೆ ಎಂದು ನಾನು ಬರೆದಿದ್ದ ಒಬ್ಬ ಮುದುಕರ ಮನೆಗೆ ಹೋದಾಗ ಸೊಸೆ ಹೇಳಿದಳು, "ಹೋದ ತಿಂಗಳು ಹೋದ್ರು" ಎಂದು. ನಾನು ಬರೆದಾಗ ಬದುಕಿದ್ದರು. ಕೊನೆಯ ತಿಂಗಳುಗಳಲ್ಲಿ ಅವರು ಏನು ಉಂಡರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಕಾರ್ಡುಗಳು ಒಂದೊಂದಾಗಿ ತೆರೆದವು. ಹುಲಿಗೆಮ್ಮನದೂ ತೆರೆಯಿತು. ಬೆರಳು ಹತ್ತದಿದ್ದರೆ ಪುಸ್ತಕದಲ್ಲಿ ಬರೆದು ಅಕ್ಕಿ ಕೊಡು ಎಂದು ಹೇಳಿ ಅಂಗಡಿಯವನ ಕೈಯಲ್ಲಿ ಕಳಿಸಿದೆ. ಮುಖ ತೋರಿಸಲು ಆಗಲಿಲ್ಲ, ಅಷ್ಟರಲ್ಲಿ ನಿವೃತ್ತಿಯೂ ಆಯಿತು.

ಅವತ್ತು ಇದನ್ನೆಲ್ಲ ನನ್ನ ಬಾಯಿಂದಲೇ ಕೇಳಿದ ಸುಜಾತಾ ಮಂಡಕ್ಕಿ ತಟ್ಟೆಯನ್ನು ಬದಿಗಿಟ್ಟಳು. "ಸರ್, ಅವರಿಗೆ ನೀವು ಹೇಳಿದ್ರಾ? ಸಹಿ ನಿಮ್ದು ಅಂತ?" ಎಂದಳು. ಇಲ್ಲ ಎಂದೆ. "ಹೋಗೋಣ ಬನ್ನಿ" ಎಂದು ಎದ್ದಳು. ನನ್ನ ಮಗಳ ವಯಸ್ಸಿನ ಹುಡುಗಿ, ಎಷ್ಟು ಸಲೀಸಾಗಿ ಎದ್ದಳು.

ಮುಂದಿನ ಭಾನುವಾರ ಇಬ್ಬರೂ ಸಿರುಗುಪ್ಪಕ್ಕೆ ಹೋದೆವು. ಊರಂಚಿನಲ್ಲಿ ಒಂದು ಕೋಣೆಯ ಮನೆ. ಗೋದಾಮಿನಿಂದ ಹತ್ತು ನಿಮಿಷದ ನಡಿಗೆಯೂ ಇಲ್ಲ. ಹುಲಿಗೆಮ್ಮ ಬಾಗಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ಮೊಮ್ಮಗಳು ಅವಳ ಬೆನ್ನು ಹಿಡಿದು ನಿಂತಿದ್ದಳು, ವಯಸ್ಸಿಗೆ ತೀರ ಸಣ್ಣಗಿದ್ದಳು. ಲಕ್ಷ್ಮಿ ಕೂಲಿಗೆ ಹೋಗಿದ್ದಳು.

"ಬರ್ರಿ ಸಾಹೇಬ್ರ, ಬರ್ರಿ ಮೇಡಮ್ಮಾರ" ಎಂದು ಗೋಣಿತಟ್ಟು ಹಾಸಿದಳು. ಕೂತೆ. ಸುತ್ತುಬಳಸದೆ ಹೇಳಿದೆ. ಅವತ್ತು ಮಿಷಿನ್ ತಪ್ಪು ಅಂದದ್ದು ಸುಳ್ಳು ಹುಲಿಗೆಮ್ಮಾ, ನೀನು ಊರು ಬಿಟ್ಟಿದ್ದೀ ಅಂತ ಬರೆದವನು ನಾನೇ, ನಿನ್ನ ಮಗಳು ಬಾಣಂತಿ ಮೂಲೆಯಿಂದ ಎದ್ದದ್ದು ನನ್ನಿಂದ ಎಂದೆ.

ಅವಳು ಮೊರ ನಿಲ್ಲಿಸಲಿಲ್ಲ. ಒಂದು ಕಲ್ಲು ಆರಿಸಿ ಹೊರಗೆ ಎಸೆದಳು.

"ನನಗ ಅವತ್ತ ಗೊತ್ತಾತ್ರಿ. ಚೀಟಿ ನೋಡಿದ ಕೂಡ್ಲೆ ನಿಮ್ಮ ಮುಖ ಹೆಂಗಾತು, ನಾ ನೋಡಲಿಲ್ಲೇನು?"

"ಗೊತ್ತಿದ್ರೂ ಯಾಕ ಕೇಳಲಿಲ್ಲ?"

"ಕೇಳಿದ್ರ ನೀವು ಸಿಟ್ಟಾಗ್ತಿದ್ರಿ. ಸಿಟ್ಟಾದ್ರ ಕಾರ್ಡ ಬರ್ತಿದ್ದಿಲ್ಲ." ಮೊರವನ್ನು ಕೆಳಗಿಟ್ಟು ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿದಳು. "ಆದ್ರ ಒಂದು ಮಾತು ನನಗ ಇನ್ನೂ ತಿಳಿವಲ್ದ್ರಿ. ದಿನಾ ಕಸಾ ಹೊಡಿಯಾಕ ಬಂದ್ರ ಕಾಲು ಎತ್ತತಿದ್ರಿ. ಅವತ್ತೂ ಎತ್ತಿದ್ರಿ. ನಾನು ಊರಾಗ ಅದೀನಂತ ನಿಮ್ಮ ಕಾಲಿಗೆ ಗೊತ್ತಿತ್ತಲ್ರಿ, ಸಾಹೇಬ್ರ."